ಯಮಾಟೊ ಆಮೇಲೆ, ಮೊದಲು ನಿಮಗೆ ಯಾವ ಕೆಲಸ ಇಷ್ಟ ನೋಡಿಕೊಳ್ಳಿ

ಪ್ಲಾಸ್ಟಿಕ್ ಮಾಡೆಲ್ ಕಿಟ್‌ಗಳಲ್ಲಿ ಐದಾರು ಚಿಕ್ಕ ವಿಮಾನ ಕಟ್ಟಿ ಮುಗಿಸಿದ್ದೀರಿ. ಈಗ ಮನಸ್ಸಿಗೆ ತೃಪ್ತಿ ಕೊಡುವ ಒಂದು ದೊಡ್ಡ ಪ್ರಾಜೆಕ್ಟ್ ಬೇಕು. 1/350ರ (ಅಂದರೆ ಅಸಲಿಯ 350ರಲ್ಲಿ ಒಂದು ಪಾಲು ಅಳತೆಯ) ಯಮಾಟೊ ಯುದ್ಧನೌಕೆ, 1/96ರ ಕಟಿ ಸಾರ್ಕ್ ಹಾಯಿಹಡಗು, 1/32ರ ಯಾವುದಾದರೂ ವಿಮಾನ, ಇವುಗಳಲ್ಲಿ ಕಟ್ಟುವಾಗ ಹೆಚ್ಚು ಖುಷಿ ಕೊಡುವುದು ಯಾವುದು ಅಂತ ಕೇಳಿದ್ದೀರಿ. ನಾನೂ ಒಂದು ಕಾಲಕ್ಕೆ ಇದೇ ಪ್ರಶ್ನೆ ಹಿಡಿದುಕೊಂಡು ಸಿಕ್ಕವರನ್ನೆಲ್ಲ ಕೇಳಿದ್ದೆ. ಎಲ್ಲರೂ ಯಮಾಟೊ ಅಂದರು. ಅದನ್ನೇ ಕೊಂಡು ತಂದೆ.

ಅಸಲಿ ಯಮಾಟೊ 263 ಮೀಟರ್ ಉದ್ದ. 1/350ರಲ್ಲಿ ಅದು 75 ಸೆಂಟಿಮೀಟರ್ ಆಗುತ್ತದೆ. ಶುರುವಿನಲ್ಲಿ ಏನೂ ತೊಂದರೆ ಇರಲಿಲ್ಲ. ಒಡಲಿನ ಸಂದುಗಳನ್ನು ಪುಟ್ಟಿಯಲ್ಲಿ ಮುಚ್ಚಿ, ಉಪ್ಪುಕಾಗದದಲ್ಲಿ ಉಜ್ಜಿ ನಯ ಮಾಡಿದೆ. 46 ಸೆಂಟಿಮೀಟರ್ ಬಾಯಿಯ ಮುಖ್ಯ ಫಿರಂಗಿಗಳನ್ನು ಕೂರಿಸಿದಾಗ ಹಡಗಿಗೆ ಒಂದು ಗತ್ತು ಬಂತು. ಆಮೇಲೆ ಶುರುವಾಯಿತು ನೋಡಿ, ವಿಮಾನ ಹೊಡೆಯುವ 25 ಮಿಲಿಮೀಟರ್ ಗನ್‌ಗಳ ಸಾಲು. ಒಂದೊಂದು ಕಟ್ಟಿನಲ್ಲಿ ಮೂರು ನಳಿಕೆ. ಈ ಸ್ಕೇಲಿನಲ್ಲಿ ಒಂದು ನಳಿಕೆ ನಾಲ್ಕು ಮಿಲಿಮೀಟರ್ ಆಸುಪಾಸು. ಸ್ಪ್ರೂನಿಂದ (ಭಾಗಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟಿನಿಂದ) ಕತ್ತರಿಸು, ಅಂಚು ಕೆರೆ, ಅಂಟಿಸು, ಬಣ್ಣ ಹಚ್ಚು. ಅದು ಮುಗಿದರೆ ಅದರಂಥದ್ದೇ ಇನ್ನೊಂದು, ಮತ್ತೊಂದು. ಗನ್ ಮುಗಿದರೆ ಹಿತ್ತಾಳೆ ಹಾಳೆಯ ಕಟಕಟೆ ಕಾದಿರುತ್ತದೆ, ಹಡಗಿನ ಸುತ್ತಲೂ.

ಇದರಲ್ಲಿ ಕಿಟ್‌ನ ತಪ್ಪು ಏನೂ ಇಲ್ಲ. ಹೀಗೆ ಒಂದೇ ಥರದ ಕೆಲಸ ಸಾಲಾಗಿ ಮಾಡುವಾಗ ಮನಸ್ಸು ಹಗುರಾಗುವವರು ಇದ್ದಾರೆ. ನಾನು ಅವರಲ್ಲಿ ಒಬ್ಬ ಅಲ್ಲ, ಅಷ್ಟೇ. ಮೇಜಿನ ಹತ್ತಿರ ಹೋಗುವುದೇ ಬೇಡ ಅನಿಸತೊಡಗಿತು. ಯಮಾಟೊ ಪೆಟ್ಟಿಗೆಯೊಳಗೆ ವಾಪಸ್ ಹೋಯಿತು, ಇವತ್ತಿಗೂ ಅಲ್ಲೇ ಇದೆ.

ಇಲ್ಲೇ ಒಂದು ಲೆಕ್ಕ ಹೇಳಿಬಿಡುತ್ತೇನೆ. 1/700ರಿಂದ 1/350ಕ್ಕೆ ಹೋದರೆ ಉದ್ದ ಎರಡರಷ್ಟು. ಆದರೆ ಬಣ್ಣ ಬಳಿಯುವ ಮೇಲ್ಮೈ ನಾಲ್ಕರಷ್ಟು, ಕಪಾಟಿನಲ್ಲಿ ಹಿಡಿಯುವ ಜಾಗ ಎಂಟರಷ್ಟು. 1/72ರ ವಿಮಾನದಿಂದ 1/32ಕ್ಕೆ ಹಾರಿದರೆ ಮೇಲ್ಮೈ ಐದು ಪಟ್ಟು. ದೊಡ್ಡದು ಅಂದರೆ ಕೆಲಸ ಜಾಸ್ತಿ ಅನ್ನುವುದು ಖಂಡಿತ. ಖುಷಿಯೂ ಅದೇ ಲೆಕ್ಕದಲ್ಲಿ ಜಾಸ್ತಿ ಆಗುತ್ತದೆ ಅಂತ ಯಾರು ಹೇಳಿದರು?

ಅದಕ್ಕೇ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಯಾವ ಮಾಡೆಲ್ ಅಂತ ಕೇಳಬೇಡಿ. ಕಟ್ಟುವ ಯಾವ ಹಂತದಲ್ಲಿ ನಿಮಗೆ ಹೊತ್ತು ಹೋಗಿದ್ದೇ ತಿಳಿಯುವುದಿಲ್ಲ ಅಂತ ಕೇಳಿಕೊಳ್ಳಿ. ಆ ಹಂತ ಜಾಸ್ತಿ ಇರುವ ಕಿಟ್ ನಿಮ್ಮ ಕಿಟ್. ಇದು ನನಗೆ ಗೊತ್ತಾಗಿದ್ದು ಲೈಸ್ಯಾಂಡರ್ ಕಟ್ಟುವಾಗ.

ವೆಸ್ಟ್‌ಲ್ಯಾಂಡ್ ಲೈಸ್ಯಾಂಡರ್ ಅಂಥ ಹೆಸರುವಾಸಿ ವಿಮಾನ ಅಲ್ಲ. 1936ರಲ್ಲಿ ಮೊದಲು ಹಾರಿತು. ಸೈನ್ಯದ ಜೊತೆ ಇದ್ದು ಮೇಲಿನಿಂದ ನೋಡಿ ಸುದ್ದಿ ಕೊಡಲಿ ಅಂತ ಮಾಡಿದ್ದು. ರೆಕ್ಕೆ ತಲೆಯ ಮೇಲೆ, ಗಾಲಿಗೆ ದೊಡ್ಡ ಚಪ್ಪಲಿ ಹಾಕಿದಂಥ ಕವಚ. ಆದರೆ ಚಿಕ್ಕ ಜಾಗದಲ್ಲಿ ಇಳಿದು ಏಳುವುದರಲ್ಲಿ ಗಟ್ಟಿಗ. ಹಾಗಾಗಿ ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರ ಕೈಯಲ್ಲಿದ್ದ ಫ್ರಾನ್ಸಿಗೆ ಗೂಢಚಾರರನ್ನು ಬಿಟ್ಟು ಬರಲು ಬ್ರಿಟಿಷರು ಇದನ್ನೇ ಬಳಸಿದರು. ಬೆಳದಿಂಗಳ ರಾತ್ರಿ ಪೈಲಟ್ ಒಬ್ಬನೇ, ತೊಡೆಯ ಮೇಲೆ ನಕ್ಷೆ. ಕೆಳಗೆ ಹೊಲದಲ್ಲಿ ಮೂರೇ ಮೂರು ಟಾರ್ಚ್, ಅದೇ ಅವನಿಗೆ ರನ್‌ವೇ. ಬಂದವರು ಬೇಗ ಇಳಿದು ಹೋಗುವವರು ಬೇಗ ಹತ್ತಲಿ ಅಂತ ಎಡಗಡೆ ಒಂದು ಏಣಿಯನ್ನು ಕಾಯಂ ಕೂರಿಸಿದ್ದರು.

ಆ ಏಣಿಗೆ ನಾನು ಮರುಳಾದೆ. ನನ್ನ 1/48ರ ಕಿಟ್ ಸಾಮಾನ್ಯ ಲೈಸ್ಯಾಂಡರ್‌ದು, ಏಣಿ ಇಲ್ಲ. ಹಿಂದೆ ಗನ್ನರ್ ಕೂರುವ ಜಾಗ ಇದೆ, ಪ್ರಯಾಣಿಕರ ಬೆಂಚ್ ಇಲ್ಲ. ಹಳೆಯ ಫೋಟೋಗಳನ್ನು ಮುಂದಿಟ್ಟುಕೊಂಡು ಎಲ್ಲವನ್ನೂ ಕೈಯಲ್ಲೇ ಮಾಡಿದೆ. ಅರ್ಧ ಮಿಲಿಮೀಟರ್ ಪ್ಲಾಸ್ಟಿಕ್ ಪಟ್ಟಿ ಎರಡು, ಅದರ ನಡುವೆ ಮೆಟ್ಟಿಲುಗಳು. ಮೆಟ್ಟಿಲ ಅಂತರ ಒಂದೇ ಸಮ ಇರಬೇಕು. ಗೀಟು ಹಾಕಿದ ಕಾಗದದ ಮೇಲೆ ಟೇಪ್ ಅಂಟಿಸಿ, ಅದರ ಮೇಲೆ ಪಟ್ಟಿ ಇಟ್ಟು, ಚಿಮಟದಲ್ಲಿ ಒಂದೊಂದೇ ಮೆಟ್ಟಿಲು ಕೂರಿಸಿ, ಬ್ರಷ್ ತುದಿಯಲ್ಲಿ ತೆಳು ಗ್ಲೂ ತಾಗಿಸುವುದು. ತಾಗಿಸಿದ ಕೂಡಲೇ ಅದು ಸಂದಿನೊಳಗೆ ತಾನೇ ಹರಿದು ಹೋಗುತ್ತದೆ. ಮೊದಲಿನ ಏಣಿ ಸೊಟ್ಟ ಬಂತು, ಎಸೆದು ಮತ್ತೆ ಮಾಡಿದೆ. ಬೇಜಾರೇ ಆಗಲಿಲ್ಲ. ಗನ್ ಸಾಲಿನ ಎದುರು ಆಕಳಿಸುತ್ತಿದ್ದ ಅದೇ ಮನುಷ್ಯ ಬೆರಳುದ್ದದ ಏಣಿಯನ್ನು ಮೂರನೇ ಸಲ ಮಾಡಲೂ ತಯಾರಿದ್ದ. ಒಳಗೆ ಬೆಂಚ್ ಬಂತು, ಸೀಟ್ ಬೆಲ್ಟ್ ಬಂತು, ಪೈಲಟ್‌ನ ಪಕ್ಕ ಮಡಚಿದ ನಕ್ಷೆಯೂ ಬಂತು.

ಈಗ ಆ ಲೈಸ್ಯಾಂಡರ್‌ನಲ್ಲಿ ನಾನು ಮಾಡಿದ ಒಂದು ತಪ್ಪಿನ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವು 1/32 ಅಂತ ಯೋಚಿಸುತ್ತಿದ್ದೀರಿ. ಆ ಸ್ಕೇಲಿನಲ್ಲಿ ಇದೇ ಗುಂಡಿ ಇನ್ನೂ ದೊಡ್ಡದಾಗಿರುತ್ತದೆ.

ನಾವು ಬಳಸುವ ಮಾಮೂಲಿ ಮಾಡೆಲ್ ಗ್ಲೂ ನಿಜವಾಗಿ ಅಂಟು ಅಲ್ಲ. ಅದು ಪಾಲಿಸ್ಟೈರೀನ್ ಪ್ಲಾಸ್ಟಿಕ್ಕನ್ನು ಕರಗಿಸುವ ದ್ರವ. ಎರಡೂ ಭಾಗದ ಅಂಚು ಕರಗಿ, ಬೆರೆತು, ದ್ರವ ಆರಿದ ಮೇಲೆ ಒಂದೇ ತುಂಡಾಗುತ್ತದೆ. ಹಿತ್ತಾಳೆ ಕರಗುವುದಿಲ್ಲವಲ್ಲ. ಹಾಗಾಗಿ ಹಿತ್ತಾಳೆ ಹಾಳೆಯ ಬೆಲ್ಟ್, ಸ್ವಿಚ್, ಪೆಡಲ್ ಇವಕ್ಕೆಲ್ಲ ಸೂಪರ್ ಗ್ಲೂ ಬೇಕು. ಸೂಪರ್ ಗ್ಲೂ ಅಂದರೆ ಸಯನೋಅಕ್ರಿಲೇಟ್. ಅದು ಗಟ್ಟಿಯಾಗುವುದು ತೇವದಿಂದ. ಗಾಳಿಯಲ್ಲಿರುವ, ಮೇಲ್ಮೈ ಮೇಲಿರುವ ಚೂರೇ ಚೂರು ನೀರಿನ ಅಂಶ ಸಾಕು. ಹನಿ ಗಟ್ಟಿಯಾದಂತೆ ಕಂಡರೂ ಅದರಿಂದ ಆವಿ ಏಳುತ್ತಲೇ ಇರುತ್ತದೆ. ಆ ಆವಿ ಹತ್ತಿರದ ಯಾವುದೋ ಮೇಲ್ಮೈ ಮೇಲೆ ಕೂತು ಅಲ್ಲೂ ಗಟ್ಟಿಯಾಗುತ್ತದೆ, ಬಿಳಿ ಪುಡಿಯ ಪದರವಾಗಿ. ತೆರೆದ ಜಾಗದಲ್ಲಾದರೆ ಆವಿ ಚದುರಿ ಹೋಗುತ್ತದೆ. ಮುಚ್ಚಿದ ಡಬ್ಬಿಯಲ್ಲಾದರೆ ಎಲ್ಲಿಗೆ ಹೋಗಬೇಕು?

ನಾನು ಮಾಡಿದ್ದು ಅದೇ ಡಬ್ಬಿ. ಕೊನೆಯ ಗಳಿಗೆಯಲ್ಲಿ ಒಂದು ಬೆಲ್ಟ್ ಬಿಚ್ಚಿಕೊಂಡಿತ್ತು. ಒಂದು ಹನಿ ಸೂಪರ್ ಗ್ಲೂ ಹಾಕಿ ಒತ್ತಿದೆ, ಹಿಡಿಯಿತು. ಕೂಡಲೇ ಕ್ಯಾನಪಿ, ಅಂದರೆ ಕಾಕ್‌ಪಿಟ್ ಮೇಲಿನ ಗಾಜಿನ ಮುಚ್ಚಳ, ಕೂರಿಸಿಬಿಟ್ಟೆ. ಲೈಸ್ಯಾಂಡರ್‌ಗೆ ಅದು ಪೈಲಟ್‌ನ ಮುಂದಿನಿಂದ ಹಿಂದಿನ ಬೆಂಚ್‌ವರೆಗೂ ಉದ್ದಕ್ಕೆ ಹೋಗುತ್ತದೆ. ನಾನು ಮಾಡಿದ ಕುಸುರಿ ಕೆಲಸವೆಲ್ಲ ಅದರ ಕೆಳಗೇ ಇತ್ತು. ಅದು ಚೆನ್ನಾಗಿ ಕೂರುತ್ತಿದ್ದ ಕಾರಣ ಅಂಚಿಗೆ ಕರಗಿಸುವ ತೆಳು ಗ್ಲೂವನ್ನೇ ಹರಿಸಿದೆ. ಗಾಜಿನ ಪಟ್ಟಿಗಳಿಗೆ ಮಾಸ್ಕಿಂಗ್ ಟೇಪ್ ಹಚ್ಚಿದೆ. ಅಲ್ಲಿಂದ ಮುಂದೆ ಒಳಗೆ ಏನಾಗುತ್ತಿದೆ ಅಂತ ನೋಡಲು ದಾರಿಯೇ ಇರಲಿಲ್ಲ. ಪ್ರೈಮರ್ ಆಯಿತು, ಹೊಟ್ಟೆಗೆ ಕಪ್ಪು ಆಯಿತು, ಮೇಲೆ ಹಸಿರು-ಬೂದು ಆಯಿತು, ಡಿಕಾಲ್ (ಗುರುತುಗಳ ಸ್ಟಿಕ್ಕರ್) ಆಯಿತು, ಮಸಿ ಕಲೆ ಆಯಿತು, ಕೊನೆಯ ವಾರ್ನಿಷ್ ಕೂಡ ಆಯಿತು.

ಟೇಪ್ ತೆಗೆದೆ. ಗಾಜು ಹಾಲಿನ ಬಣ್ಣಕ್ಕೆ ತಿರುಗಿತ್ತು. ಬೆಲ್ಟ್ ಇದ್ದ ಕಡೆ ದಪ್ಪಗೆ, ಹಿಂದಕ್ಕೆ ಹೋದಂತೆ ತೆಳ್ಳಗೆ. ಮುಂದಿನ ಪಕ್ಕದ ಕಿಟಕಿಯ ಒಳಗಡೆ ನನ್ನ ಬೆರಳಚ್ಚು ಎದ್ದು ಬಂದಿತ್ತು, ಒಂದೊಂದು ಗೆರೆಯೂ ಬಿಡಿಬಿಡಿಯಾಗಿ. ಮುಟ್ಟಿದಾಗ ಬೆರಳಿನ ಬೆವರು ಅಲ್ಲಿ ಉಳಿದಿತ್ತು, ಆವಿ ಹುಡುಕಿಕೊಂಡು ಹೋಗಿ ಅದರ ಮೇಲೇ ಕೂತಿತ್ತು. ಆಮೇಲೆ ಓದಿದೆ, ಪೊಲೀಸರ ವಿಧಿವಿಜ್ಞಾನ ಪ್ರಯೋಗಾಲಯಗಳಲ್ಲಿ ಕಣ್ಣಿಗೆ ಕಾಣದ ಬೆರಳಚ್ಚು ಎಬ್ಬಿಸುವುದಕ್ಕೆ ಮುಚ್ಚಿದ ಪೆಟ್ಟಿಗೆಯಲ್ಲಿ ಇದೇ ಸೂಪರ್ ಗ್ಲೂ ಆವಿ ಹಾಯಿಸುತ್ತಾರೆ.

ಹೊರಗಡೆ ಮಬ್ಬಾಗಿದ್ದರೆ ಪಾಲಿಶ್ ಮಾಡಬಹುದಿತ್ತು. ಇದು ಒಳಗಡೆ. ಕ್ಯಾನಪಿ ತೆಗೆಯಬೇಕೆಂದರೆ ಅದು ಒಡಲಿನ ಜೊತೆ ಕರಗಿ ಒಂದಾಗಿದೆ. ಬ್ಲೇಡ್ ತುದಿ ತೂರಿಸಿ ನಿಧಾನಕ್ಕೆ ಮೀಟಿದೆ. ಪಾರದರ್ಶಕ ಪ್ಲಾಸ್ಟಿಕ್ ಮಾಮೂಲಿಗಿಂತ ಬಿರುಸು, ಬಾಗುವ ಮೊದಲೇ ಸೀಳುತ್ತದೆ. ಚಟ್ ಅಂತ ಉದ್ದಕ್ಕೆ ಬಿರುಕು ಬಿಟ್ಟಿತು. ಬ್ಲೇಡ್ ಜಾರಿ ಬೆನ್ನಿನ ಬಣ್ಣವನ್ನೂ ಕಿತ್ತುಕೊಂಡು ಹೋಯಿತು. ಬೇರೆ ಕ್ಯಾನಪಿ ಹುಡುಕಿ ಹೊಂದಿಸಲು ನೋಡಿದೆ, ಕೂರಲಿಲ್ಲ. ಆ ಲೈಸ್ಯಾಂಡರ್ ಈಗ ಗಾಜಿಲ್ಲದೆ ನಿಂತಿದೆ. ಏಣಿ ಮಾತ್ರ ಚೆನ್ನಾಗಿದೆ.

ತಪ್ಪಿಸುವುದು ಹೇಗೆ ಅಂದರೆ, ಬಹಳ ಸುಲಭ. ಗಾಜಿನ ಹತ್ತಿರ ಸೂಪರ್ ಗ್ಲೂ ಬಳಸಿದ ದಿನ ಕ್ಯಾನಪಿ ಮುಟ್ಟಲೇಬೇಡಿ, ಕನಿಷ್ಠ ರಾತ್ರಿಯಿಡೀ ತೆರೆದಿಡಿ. ಕ್ಯಾನಪಿಯನ್ನು ಅಂಟಿಸುವ ಮೊದಲು ಹೊಳಪು ಕೊಡುವ ಅಕ್ರಿಲಿಕ್ ವಾರ್ನಿಷ್‌ನಲ್ಲಿ ಅದ್ದಿ, ದೂಳು ಕೂರದಂತೆ ಮುಚ್ಚಿ ಒಣಗಿಸಿ. ಆಗ ಆವಿ ಕೂತರೂ ವಾರ್ನಿಷ್ ಮೇಲೆ ಕೂರುತ್ತದೆ, ಪ್ಲಾಸ್ಟಿಕ್ ಉಳಿಯುತ್ತದೆ, ಗಾಜಿಗೂ ಹೊಳಪು ಬರುತ್ತದೆ. ಅಂಟಿಸಲು ಫೆವಿಕಾಲ್ ಥರದ ಬಿಳಿ ಪಿವಿಎ ಅಂಟು ಸಾಕು. ಅದು ಕರಗಿಸುವುದಿಲ್ಲ, ಆವಿ ಬಿಡುವುದಿಲ್ಲ, ಒಣಗಿದರೆ ಕಾಣುವುದೂ ಇಲ್ಲ. ಬೇಕೆಂದಾಗ ನೀರು ತಾಗಿಸಿ ಬಿಡಿಸಿಕೊಳ್ಳಬಹುದು. ಇಷ್ಟು ಮಾಡಿದ್ದರೆ ನನ್ನ ಬೆಂಚ್, ಬೆಲ್ಟ್, ನಕ್ಷೆ ಎಲ್ಲ ಇವತ್ತು ಗಾಜಿನ ಕೆಳಗೆ ಕಾಣುತ್ತಿದ್ದವು.

ಅದಾದ ಮೇಲೆ ಸ್ವಲ್ಪ ಕಾಲ ಗಾಜಿರುವ ಯಾವುದೂ ಬೇಡ ಅನಿಸಿತು. ಗಾಜೇ ಇಲ್ಲದ ವಿಮಾನ ಬೇಕೆಂದರೆ ಮೊದಲ ಮಹಾಯುದ್ಧಕ್ಕೆ ಹೋಗಬೇಕು. ಹಾಗೆ ಕೈಗೆ ಬಂದದ್ದು 1/48ರ ಸಾಪ್‌ವಿತ್ ಕ್ಯಾಮಲ್, ಒಂದರ ಮೇಲೊಂದು ಎರಡು ರೆಕ್ಕೆ ಇರುವ ಬ್ರಿಟಿಷ್ ಯುದ್ಧವಿಮಾನ. ನೀವು ಕೇಳಿದ ಪ್ರಶ್ನೆಗೆ ಒಂದೇ ಹೆಸರು ಹೇಳು ಅಂದರೆ ನಾನು ಇದನ್ನೇ ಹೇಳುತ್ತೇನೆ.

ರೆಕ್ಕೆಯ ಈ ತುದಿಯಿಂದ ಆ ತುದಿಗೆ 18 ಸೆಂಟಿಮೀಟರ್ ಕೂಡ ಇಲ್ಲ. ಮೇಲಿನ ರೆಕ್ಕೆ ನೆಟ್ಟಗೆ ಚಪ್ಪಟೆ, ಕೆಳಗಿನ ರೆಕ್ಕೆ ಮಾತ್ರ ತುದಿ ಕಡೆಗೆ ಮೇಲಕ್ಕೆ ಎದ್ದಿರುತ್ತದೆ. ಮೇಲಿನದನ್ನು ಚಪ್ಪಟೆ ಮಾಡಿದರೆ ಕಾರ್ಖಾನೆಯಲ್ಲಿ ಬೇಗ ತಯಾರಾಗುತ್ತದೆ ಅಂತ ಹಾಗೆ ಮಾಡಿದರು. ನಮಗೆ ಅದರಿಂದ ಒಂದು ಅನುಕೂಲ. ಮಾಡೆಲನ್ನು ಬೋರಲು ಹಾಕಿ ಮೇಲಿನ ರೆಕ್ಕೆಯನ್ನು ಮೇಜಿನ ಮೇಲೆ ಮಲಗಿಸಿ, ಒಡಲನ್ನು ಎರಡೂ ಕಡೆ ಲೆಗೊ ಇಟ್ಟಿಗೆಗಳಿಂದ ಹಿಡಿದಿಟ್ಟರೆ ಎಲ್ಲ ಕೋನವೂ ಸರಿಯಾಗಿ ಕೂರುತ್ತದೆ.

ಇನ್ನು ತಂತಿ ಕಟ್ಟುವುದು. ಇದಕ್ಕೆ ಹೆದರಿ ಎರಡು ರೆಕ್ಕೆಯ ವಿಮಾನವನ್ನೇ ಮುಟ್ಟದವರು ತುಂಬಾ ಜನ. ನಾನೂ ಹೆದರಿದ್ದೆ. ಆದರೆ ಯಾವ ತಂತಿ ಯಾಕಿದೆ ಅಂತ ತಿಳಿದ ಮೇಲೆ ಹೆದರಿಕೆ ಹೋಯಿತು. ಹಾರುವಾಗ ಗಾಳಿ ರೆಕ್ಕೆಯನ್ನು ಮೇಲಕ್ಕೆ ಎತ್ತುತ್ತದೆ. ಅದು ಮುರಿದು ಹೋಗದಂತೆ ಒಡಲಿನ ಕೆಳಗಿನಿಂದ ರೆಕ್ಕೆಯ ಹೊರತುದಿಯ ಕಡೆಗೆ ಏರಿ ಹಿಡಿಯುವ ತಂತಿಗಳು ಒಂದು ಗುಂಪು. ಭಾರ ಜಾಸ್ತಿ, ಹಾಗಾಗಿ ಜೋಡಿ ಜೋಡಿ. ನೆಲದ ಮೇಲೆ ನಿಂತಾಗ ರೆಕ್ಕೆ ತನ್ನ ಭಾರಕ್ಕೆ ಕೆಳಗೆ ಜೋಲುತ್ತದೆ. ಅದನ್ನು ಮೇಲಿನಿಂದ ಹಿಡಿಯುವ ತಂತಿಗಳು ಇನ್ನೊಂದು ಗುಂಪು. ಇವೆರಡೂ ಅಡ್ಡಡ್ಡ ಹಾಯ್ದು ಎಕ್ಸ್ ಆಕಾರ ಆಗುತ್ತದೆ. ಇಷ್ಟು ಗೊತ್ತಿದ್ದರೆ ಕಿಟ್‌ನ ನಕ್ಷೆ ನೋಡದೆಯೂ ಅರ್ಧ ತಂತಿ ಕಟ್ಟಬಹುದು.

ಬಣ್ಣಕ್ಕೆ ಮೊದಲೇ, ಕೈಯಲ್ಲಿ ತಿರುಗಿಸುವ ಡ್ರಿಲ್‌ನಿಂದ 0.3 ಮಿಲಿಮೀಟರ್ ತೂತು ಹಾಕಿಟ್ಟುಕೊಳ್ಳಿ. ಎಳೆದರೆ ಹಿಗ್ಗುವ ತೆಳು ದಾರ ಸಿಗುತ್ತದೆ, ಅದನ್ನೇ ಬಳಸಿ. ನೈಲಾನ್ ಎಳೆ ಬಿಗಿ ಮಾಡಿದರೆ ರೆಕ್ಕೆಯನ್ನೇ ಬಾಗಿಸಿಬಿಡುತ್ತದೆ. ಒಂದು ತುದಿಗೆ ಸೂಪರ್ ಗ್ಲೂ, ಇಲ್ಲಿ ಗಾಜಿಲ್ಲ, ಭಯವಿಲ್ಲ. ಅದು ಹಿಡಿದ ಮೇಲೆ ಇನ್ನೊಂದು ತುದಿಯನ್ನು ಚಿಮಟದಲ್ಲಿ ಎಳೆದು ತೂತಿಗೆ ಸೇರಿಸುವುದು. ದಾರ ಬಿಗಿಯಾಗಿ ನಿಂತ ಕ್ಷಣ, ಎರಡು ಪ್ಲಾಸ್ಟಿಕ್ ಹಲಗೆಗಳಾಗಿದ್ದದ್ದು ವಿಮಾನ ಆಗುತ್ತದೆ. ಒಂದೊಂದು ಎಳೆ ಕಟ್ಟಿದಾಗಲೂ ಆ ಬದಲಾವಣೆ ಕಣ್ಣೆದುರೇ ಕಾಣುತ್ತದೆ. ಮುಗಿಯಿತಲ್ಲ ಅಂತ ನನಗೆ ಬೇಸರ ಆದ ಒಂದೇ ಹಂತ ಇದು.

ಕ್ಯಾಮಲ್‌ನ ಇನ್ನೊಂದು ಸುಖ ಅದರ ಕೊಳೆ. ಅದರ ಎಂಜಿನ್ ರೋಟರಿ. ನಡುವಿನ ದಂಡ ವಿಮಾನಕ್ಕೆ ಬಿಗಿದಿರುತ್ತದೆ, ಸುತ್ತಲಿನ ಸಿಲಿಂಡರ್‌ಗಳೇ ಪ್ರೊಪೆಲರ್ ಜೊತೆ ಗರಗರ ತಿರುಗುತ್ತವೆ. ಅದಕ್ಕೆ ಹಾಕುತ್ತಿದ್ದದ್ದು ಹರಳೆಣ್ಣೆ, ಯಾಕೆಂದರೆ ಅದು ಪೆಟ್ರೋಲಿನಲ್ಲಿ ಸುಲಭವಾಗಿ ಬೆರೆಯುವುದಿಲ್ಲ. ಆ ಎಣ್ಣೆ ಒಳಗೇ ಸುತ್ತುವುದಿಲ್ಲ, ಕೆಲಸ ಮುಗಿಸಿ ಹೊರಗೆ ಹಾರುತ್ತದೆ. ಹಾಗಾಗಿ ಅಸಲಿ ಕ್ಯಾಮಲ್‌ನ ಹೊಟ್ಟೆ ಯಾವಾಗಲೂ ಎಣ್ಣೆ ಎಣ್ಣೆ. ಬಣ್ಣ ಬಳಿಯದ ಬಟ್ಟೆಯ ತಿಳಿ ಹೊಟ್ಟೆ, ಅದರ ಮೇಲೆ ಕಂದು ಆಯಿಲ್ ಪೇಂಟನ್ನು ಹೊಳಪಿನ ಎನಾಮೆಲ್ ವಾರ್ನಿಷ್ ಜೊತೆ ಬೆರೆಸಿ, ಮುಂದಿನಿಂದ ಹಿಂದಕ್ಕೆ ಒಣ ಬ್ರಷ್‌ನಲ್ಲಿ ಎಳೆದರೆ ಸಾಕು, ಈಗ ತಾನೇ ಇಳಿದು ನಿಂತಂತೆ ಕಾಣುತ್ತದೆ. ಸುತ್ತ ಮಂಕು, ಎಣ್ಣೆ ಇರುವಲ್ಲಿ ಮಾತ್ರ ಹೊಳಪು. ಮೇಲ್ಭಾಗದ ಬಣ್ಣಕ್ಕೆ ಪಿಸಿ10 ಅನ್ನುತ್ತಾರೆ. ಅದು ಕಂದೋ ಹಸಿರೋ ಅಂತ ಇವತ್ತಿಗೂ ಜಗಳ ಇದೆ. ಹಳದಿ ಮಣ್ಣು ಮತ್ತು ಮಸಿ ಬೆರೆಸಿದ ಬಣ್ಣ ಅದು, ಎರಡರ ನಡುವೆ ನಿಮಗೆ ಚೆಂದ ಕಂಡದ್ದನ್ನು ಹಚ್ಚಿ.

ನಿಮ್ಮ ವಿಷಯಕ್ಕೆ ಬರೋಣ. ಮುಗಿಸಿದ ಆ ಐದಾರು ವಿಮಾನ ಎದುರಿಗಿಟ್ಟುಕೊಳ್ಳಿ. ಯಾರೂ ಕೇಳದಿದ್ದರೂ, ಕಿಟ್‌ನಲ್ಲಿ ಇಲ್ಲದಿದ್ದರೂ, ನೀವಾಗಿ ಜಾಸ್ತಿ ಮಾಡಿದ ಕೆಲಸ ಯಾವುದು ನೋಡಿ. ಸಂದು ಕಾಣದಂತೆ ಉಜ್ಜಿದ್ದೀರಾ? ಹಾಗಾದರೆ 1/24ರ ಕಾರು ತಗೊಳ್ಳಿ, ಹೊಳೆಯುವ ಬಣ್ಣದಲ್ಲಿ ಒಂದು ದೂಳಿನ ಕಣವೂ ಅಡಗುವುದಿಲ್ಲ. ಮಸಿ, ಕೆಸರು, ತುಕ್ಕು ಅಂದರೆ ಪ್ರಾಣವಾ? 1/35ರ ಟ್ಯಾಂಕ್. ಅಂದಹಾಗೆ 35 ಅನ್ನುವ ಈ ಬೆಸ ಸಂಖ್ಯೆ ಯಾವ ಲೆಕ್ಕಾಚಾರದಿಂದಲೂ ಬಂದದ್ದಲ್ಲ. 1960ರ ದಶಕದ ಶುರುವಿನಲ್ಲಿ ಜಪಾನಿನ ಕಿಟ್ ಕಂಪನಿ ತಮಿಯಾ ಪ್ಯಾಂಥರ್ ಟ್ಯಾಂಕಿನ ಮಾಡೆಲ್ ಮಾಡುವಾಗ ಒಳಗೆ ಬ್ಯಾಟರಿ ಮತ್ತು ಮೋಟರ್ ಹಿಡಿಸುವಷ್ಟು ದೊಡ್ಡದು ಮಾಡಿತು, ಆಮೇಲೆ ಅಳೆದರೆ ಅದು 1/35 ಆಗಿತ್ತು.

ಒಂದೇ ಥರದ ಚಿಕ್ಕ ಕೆಲಸ ಮತ್ತೆ ಮತ್ತೆ ಮಾಡುವುದು ಹಿತವಾಗಿದ್ದರೆ ಯಮಾಟೊ ನಿಮ್ಮದೇ. ಆಗಲೂ 1/700ರಲ್ಲಿ ಮೊದಲು ಒಂದು ಚಿಕ್ಕ ಡೆಸ್ಟ್ರಾಯರ್ ಕಟ್ಟಿ, ಕಟಕಟೆ ಹಚ್ಚುವಾಗ ಸಿಟ್ಟು ಬರುತ್ತಾ ನೋಡಿಕೊಳ್ಳಿ. ಕಟಿ ಸಾರ್ಕ್ ಬಗ್ಗೆ ನನಗೆ ಗೌರವ ಇದೆ. 1869ರ ಆ ಚಹಾ ಹಡಗು 1/96ರಲ್ಲಿ ಸುಮಾರು 90 ಸೆಂಟಿಮೀಟರ್ ಬರುತ್ತದೆ, ಅದರ ಹಗ್ಗದ ಏಣಿಗಳಿಗೆ ಗಂಟು ಹಾಕುವುದೇ ಒಂದು ತಪಸ್ಸು. ದಾರದ ಕೆಲಸ ನಿಮಗೆ ಹಿಡಿಸುತ್ತಾ ಇಲ್ಲವಾ ಅಂತ ಗೊತ್ತಾಗದೆ ಅದಕ್ಕೆ ಕೈ ಹಾಕುವುದು ಬೇಡ.

ಗೊತ್ತು ಮಾಡಿಕೊಳ್ಳಲು ಸುಲಭ ದಾರಿ ಇದೆ. ಫೋಕರ್ ಡಿಆರ್.1, ಮೂರು ರೆಕ್ಕೆಯ ವಿಮಾನ, 1/48 ಸಾಕು. ಅದರ ರೆಕ್ಕೆಗಳು ಒಳಗಿನ ಮರದ ತೊಲೆಗಳ ಬಲದಲ್ಲೇ ನಿಲ್ಲುತ್ತಿದ್ದವು, ಹಾಗಾಗಿ ಹೊರಗೆ ತಂತಿ ತುಂಬಾ ಕಡಿಮೆ. ಆ ನಾಲ್ಕು ಎಳೆ ಕಟ್ಟಿ ನೋಡಿ. ಇನ್ನೂ ಬೇಕಿತ್ತು ಅನಿಸಿದರೆ ಮುಂದೆ ಕ್ಯಾಮಲ್, ಅದರ ಮುಂದೆ ಕಟಿ ಸಾರ್ಕ್. ಅನಿಸದಿದ್ದರೆ ದಾರ ಬದಿಗಿಟ್ಟು 1/32ರ ವಿಮಾನವನ್ನೇ ತಗೊಂಡು ಅದರ ಕಾಕ್‌ಪಿಟ್‌ನಿಂದ ಶುರು ಮಾಡಿ. ಆ ಸ್ಕೇಲಿನಲ್ಲಿ ಬೆಲ್ಟ್‌ನ ಬಕಲ್ ಕೂಡ ಕಣ್ಣಿಗೆ ಕಾಣುತ್ತದೆ.